ಸರ್ವವ್ಯಾಪಿ ಗಣಕಯಂತ್ರ: ಪಾಲೊ ಆಲ್ಟೊದ ಒಂದು ಸಂಶೋಧನೆ ಮತ್ತು ನಮ್ಮ ಮನೆಗಳು



ಈ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಗಣಕಯಂತ್ರದ ಸೋಂಕಿಲ್ಲದ ಮನೆ ಸಿಗುವುದು ದುರ್ಲಭ. ನಮ್ಮಲ್ಲಿ ಅನೇಕರಿಗೆ ಅದು ಅನ್ನದ ದಾರಿ. ಉಳಿದವರಿಗೆ ನಿತ್ಯದ ಸಂಗಾತಿ. ಆದರೆ ಮೇಜಿನ ಮೇಲೆ ಕುಳಿತಿದ್ದ ಆ ಯಂತ್ರ ಅಲ್ಲಿಂದ ಇಳಿದು ನಮ್ಮ ಜೇಬು, ಗೋಡೆ, ಕಾರು, ಅಡಿಗೆಮನೆಗಳನ್ನು ಹೊಕ್ಕಿದ್ದು ಹೇಗೆ, ಹಾಗೆ ಹೊಗಬೇಕೆಂಬ ವಿಚಾರ ಹುಟ್ಟಿದ್ದೆಲ್ಲಿ, ಹುಟ್ಟಿಸಿದವರ ಆಶಯವೇನಾಗಿತ್ತು ಎಂಬುದನ್ನು ನಾವು ವಿಚಾರಿಸುವುದು ಅಪರೂಪ. ಆ ಸಂಶೋಧನೆ ನಡೆದದ್ದು ದೂರದ ಯಾವುದೋ ನಗರದಲ್ಲಲ್ಲ. ಇಲ್ಲಿಯೇ, ಪಾಲೊ ಆಲ್ಟೊದ ಕಯೋಟಿ ಹಿಲ್ ರಸ್ತೆಯ ಒಂದು ಸಂಶೋಧನಾಲಯದಲ್ಲಿ. ಆ ಕಥೆಯನ್ನು ತಿಳಿಸುವುದು, ಅದರೊಳಗೆ ನಮ್ಮ ಮನೆಗಳಿಗೆ ಬೇಕಾದ ಒಂದು ಅಳತೆಗೋಲು ಇದೆಯೆಂದು ತೋರಿಸುವುದು ಈ ಉಪನ್ಯಾಸದ ಉದ್ದೇಶ.

ಮೇಜಿನ ಗಣಕದ ತವರುಮನೆ

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ ತಮ್ಮ ಹೊಸ ಗಣಕ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಅವರು ಮೆನ್ಲೊ ಪಾರ್ಕಿನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರು. ಕೈಯಲ್ಲಿ ಹಿಡಿದು ಸರಿಸುವ 'ಮೌಸ್' ಎಂಬ ಸಾಧನವನ್ನು ಲೋಕ ಬಹಿರಂಗವಾಗಿ ಕಂಡದ್ದು ಅಂದು. ಎರಡು ವರ್ಷಗಳ ಬಳಿಕ, 1970ರಲ್ಲಿ, ಜೆರಾಕ್ಸ್ ಸಂಸ್ಥೆ ಪಾಲೊ ಆಲ್ಟೊದಲ್ಲಿ ತನ್ನ ಸಂಶೋಧನಾ ಕೇಂದ್ರವನ್ನು ತೆರೆಯಿತು. ಎಲ್ಲರ ಬಾಯಲ್ಲಿ ಅದು 'ಪಾರ್ಕ್' ಎಂದೇ ರೂಢಿಯಾಯಿತು. ಹೆಸರು ಕೇಳಿ ಉದ್ಯಾನವೆಂದು ಯಾರೂ ಭಾವಿಸಬಾರದು; ಅಲ್ಲಿ ಬೆಳೆದದ್ದು ಬೇರೆಯೇ ಬೆಳೆ. 1973ರಲ್ಲಿ ಅಲ್ಲಿ 'ಆಲ್ಟೊ' ಎಂಬ ಗಣಕ ಸಿದ್ಧವಾಯಿತು. ಒಬ್ಬನೇ ವ್ಯಕ್ತಿ ಬಳಸಲೆಂದು ಮಾಡಿದ, ಚಿತ್ರಗಳನ್ನು ತೋರಬಲ್ಲ ಪರದೆಯಿದ್ದ, ಮೌಸ್ ಹಿಡಿದು ನಡೆಸುವ ಯಂತ್ರ ಅದು. ಗಣಕಗಳನ್ನು ಪರಸ್ಪರ ಬೆಸೆಯುವ ಈಥರ್‌ನೆಟ್ ಹಾಗೂ ಲೇಸರ್ ಮುದ್ರಣಯಂತ್ರಗಳು ರೂಪುಗೊಂಡದ್ದೂ ಅದೇ ಕೇಂದ್ರದಲ್ಲಿ. 1979ರ ಡಿಸೆಂಬರಿನಲ್ಲಿ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅಲ್ಲಿಗೆ ಭೇಟಿಯಿತ್ತು ಈ ಕೆಲಸವನ್ನು ಕಂಡರು. 1984ರಲ್ಲಿ ಮೆಕಿಂಟಾಷ್ ಹೊರಬಂತು. ಇಂದು ನಾವು ಮೇಜಿನ ಗಣಕವೆಂದು ಕರೆಯುವ ವಸ್ತುವಿನ ತವರುಮನೆ ಆ ಕೇಂದ್ರವೆಂದರೆ ತಪ್ಪಾಗದು.

ವಿಶೇಷವೆಂದರೆ, 'ಈ ಮೇಜಿನ ಗಣಕ ಸಾಲದು, ಇದು ದಾರಿ ತಪ್ಪಿದೆ' ಎಂಬ ಮಾತು ಬಲವಾಗಿ ಕೇಳಿಬಂದದ್ದೂ ಅದೇ ತವರುಮನೆಯಿಂದ.

ಮಾರ್ಕ್ ವೈಸರ್ ಅವರ ವಿಚಾರ

ಮಾರ್ಕ್ ವೈಸರ್ 1952ರಲ್ಲಿ ಜನಿಸಿದವರು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು 1987ರಲ್ಲಿ ಜೆರಾಕ್ಸ್ ಕೇಂದ್ರಕ್ಕೆ ಬಂದರು; ಮುಂದೆ ಅಲ್ಲಿಯ ಗಣಕ ವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಬಿಡುವಿನ ವೇಳೆಯಲ್ಲಿ ಡ್ರಮ್ ಬಾರಿಸುತ್ತಿದ್ದ ರಸಿಕರೂ ಹೌದು; ಅವರಿದ್ದ ಸಂಗೀತ ತಂಡ 1993ರಲ್ಲಿಯೇ ತನ್ನ ಕಛೇರಿಯನ್ನು ಇಂಟರ್‌ನೆಟ್ಟಿನಲ್ಲಿ ನೇರವಾಗಿ ಬಿತ್ತರಿಸಿತ್ತು. ಆ ಕೇಂದ್ರದಲ್ಲಿ ಎಂಜಿನಿಯರುಗಳ ಜೊತೆಗೆ ಮಾನವಶಾಸ್ತ್ರಜ್ಞರೂ ಇದ್ದರೆಂಬುದು ಇಲ್ಲಿ ಮುಖ್ಯ. ಅವರಲ್ಲೊಬ್ಬರಾದ ಲೂಸಿ ಸಚ್‌ಮನ್, ಜನರು ನಕಲು ಯಂತ್ರದ ಮುಂದೆ ನಿಂತು ಪರದಾಡುವ ಪರಿಯನ್ನು ಸೂಕ್ಷ್ಮವಾಗಿ ಗಮನಿಸಿ 1987ರಲ್ಲಿ ಒಂದು ಗ್ರಂಥವನ್ನೇ ಬರೆದರು. ಯಂತ್ರವು ಎಣಿಸಿದ ಕ್ರಮದಲ್ಲಿ ಮನುಷ್ಯ ನಡೆಯುವುದಿಲ್ಲ, ಎದುರಿಗಿರುವ ಸಂದರ್ಭಕ್ಕೆ ತಕ್ಕಂತೆ ನಡೆಯುತ್ತಾನೆ ಎಂಬುದು ಅವರ ಕಾಣ್ಕೆ. ಇಂತಹ ವಾತಾವರಣದಲ್ಲಿ ವೈಸರ್ 1988ರಲ್ಲಿ ತಮ್ಮ ಹೊಸ ವಿಚಾರಕ್ಕೆ 'ಯುಬಿಕ್ವಿಟಸ್ ಕಂಪ್ಯೂಟಿಂಗ್' ಎಂದು ಹೆಸರಿಟ್ಟರು. ನಾವು ಅದನ್ನು ಸರ್ವವ್ಯಾಪಿ ಗಣಕ ಎನ್ನೋಣ. 1991ರ ಸೆಪ್ಟೆಂಬರಿನ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಅವರು ಬರೆದ ಲೇಖನದ ಮೂಲಕ ಈ ವಿಚಾರ ಲೋಕಕ್ಕೆಲ್ಲ ತಿಳಿಯಿತು.

ಅವರ ವಾದ ಸರಳವಾದದ್ದು. ಮೊದಲ ಯುಗದಲ್ಲಿ ಒಂದು ದೊಡ್ಡ ಗಣಕವನ್ನು ಅನೇಕರು ಹಂಚಿಕೊಂಡರು. ಎರಡನೆಯ ಯುಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಣಕವಾಯಿತು. ಮೂರನೆಯ ಯುಗದಲ್ಲಿ ಒಬ್ಬೊಬ್ಬರ ಸುತ್ತಲೂ ಅನೇಕ ಗಣಕಗಳಿರುತ್ತವೆ. ಆದರೆ ಅವುಗಳಲ್ಲಿ ಯಾವುದೂ ತನ್ನನ್ನು ನೋಡೆಂದು ಕೂಗುವುದಿಲ್ಲ. ಇದನ್ನು ವಿವರಿಸಲು ಅವರು ವಿದ್ಯುತ್ ಮೋಟಾರಿನ ದೃಷ್ಟಾಂತ ಕೊಟ್ಟರು. ಹಿಂದಿನ ಕಾರ್ಖಾನೆಯಲ್ಲಿ ಒಂದೇ ದೊಡ್ಡ ಎಂಜಿನ್ನು ಪಟ್ಟಿಗಳ ಮೂಲಕ ಎಲ್ಲ ಯಂತ್ರಗಳನ್ನೂ ತಿರುಗಿಸುತ್ತಿತ್ತು. ಮೋಟಾರು ಸಣ್ಣದಾಗಿ, ಅಗ್ಗವಾದಾಗ ಪ್ರತಿಯೊಂದು ಉಪಕರಣದೊಳಗೂ ಅದು ಹೊಕ್ಕಿತು. ನಮ್ಮ ಮನೆಯನ್ನೇ ನೋಡಿ: ಮಿಕ್ಸಿ, ಗ್ರೈಂಡರು, ಫ್ಯಾನು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಇವೆಲ್ಲದರಲ್ಲಿಯೂ ಮೋಟಾರಿದೆ. 'ನಿಮ್ಮ ಮನೆಯಲ್ಲಿ ಎಷ್ಟು ಮೋಟಾರುಗಳಿವೆ?' ಎಂದು ಯಾರಾದರೂ ಕೇಳಿದರೆ ನಾವು ತಡವರಿಸುತ್ತೇವೆ. ಒರಳುಕಲ್ಲಿನ ಬಳಿ ಕುಳಿತು ಹಿಟ್ಟು ರುಬ್ಬುವ ಶ್ರಮ ತಪ್ಪಿತೆಂಬುದಷ್ಟೇ ನಮಗೆ ಗೊತ್ತು. ಗಣಕವೂ ಹೀಗೆಯೇ ಆಗಬೇಕೆಂಬುದು ವೈಸರ್ ಅವರ ಆಶಯ.

ಆ ದಿನಗಳಲ್ಲಿ ಇದೇ ಕೊಲ್ಲಿ ಪ್ರದೇಶದಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಹಾದಿಯೂ ಹೆಸರು ಮಾಡಿತ್ತು. ಕಣ್ಣಿಗೆ ಕವಚ, ಕೈಗೆ ಗವಸು ತೊಟ್ಟು ಗಣಕ ಕಲ್ಪಿಸಿದ ಲೋಕದೊಳಗೆ ಹೋಗುವ 'ವರ್ಚುಯಲ್ ರಿಯಾಲಿಟಿ' ಎಂಬ ಮಾಯಾಲೋಕದ ತಂತ್ರ ಅದು. ಮನುಷ್ಯನನ್ನು ಗಣಕದ ಲೋಕಕ್ಕೆ ಎಳೆಯುವುದು ಆ ಹಾದಿ. ಗಣಕವನ್ನು ಮನುಷ್ಯನ ಲೋಕಕ್ಕೆ ಕರೆತಂದು ಅಲ್ಲಿ ತಲೆಮರೆಸಿಕೊಂಡು ಸೇವೆ ಮಾಡಿಸುವುದು ವೈಸರ್ ಅವರ ಹಾದಿ.

ಅಂಗುಲ, ಅಡಿ, ಗಜ

ವೈಸರ್ ಮತ್ತು ಸಂಗಡಿಗರು ಕೇವಲ ಬರೆದು ಕೂರಲಿಲ್ಲ. ಮೂರು ಅಳತೆಯ ಗಣಕಗಳನ್ನು ಮಾಡಿ ತಾವೇ ಬಳಸಿದರು. ಅಂಗುಲದಳತೆಯದು 'ಟ್ಯಾಬ್', ಅಡಿಯಳತೆಯದು 'ಪ್ಯಾಡ್', ಗಜದಳತೆಯದು 'ಬೋರ್ಡ್'. ಒಂದು ಸಾಧಾರಣ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಟ್ಯಾಬುಗಳು, ಹತ್ತಿಪ್ಪತ್ತು ಪ್ಯಾಡುಗಳು, ಒಂದೆರಡು ಬೋರ್ಡುಗಳು ಇರಬಹುದೆಂದು ಅವರ ಲೆಕ್ಕ. ಟ್ಯಾಬ್ ಅಂಗೈಯಲ್ಲಿ ಹಿಡಿಸುವಂಥದು. ಕೋಣೆಯ ಮೇಲ್ಛಾವಣಿಯಲ್ಲಿದ್ದ ಪೆಟ್ಟಿಗೆಯೊಂದಿಗೆ ಅವಕೆಂಪು ಕಿರಣಗಳ ಮೂಲಕ ಅದು ಸಂಪರ್ಕ ಇಟ್ಟುಕೊಳ್ಳುತ್ತಿತ್ತು. ಆ ಕಿರಣ ಗೋಡೆಯನ್ನು ದಾಟಲಾರದು. ಹಾಗಾಗಿ ಯಾವ ಟ್ಯಾಬ್ ಯಾವ ಕೋಣೆಯಲ್ಲಿದೆಯೆಂಬುದು ವ್ಯವಸ್ಥೆಗೆ ತಾನಾಗಿ ತಿಳಿಯುತ್ತಿತ್ತು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಇಂತಹುದೇ ಬಿಲ್ಲೆಯನ್ನು ರೂಪಿಸಿದ್ದ ರಾಯ್ ವಾಂಟ್ ಎಂಬವರು ಪಾಲೊ ಆಲ್ಟೊಗೆ ಬಂದು ಈ ಕೆಲಸದಲ್ಲಿ ತೊಡಗಿದರು. ಬಳಸುವವನು ಎಲ್ಲಿದ್ದಾನೆ, ಯಾರ ಜೊತೆಗಿದ್ದಾನೆ, ಹತ್ತಿರದಲ್ಲಿ ಏನೇನಿದೆ ಎಂಬುದನ್ನರಿತು ಗಣಕ ವರ್ತಿಸಬೇಕೆಂಬ ಈ ತತ್ತ್ವವನ್ನು ಬಿಲ್ ಶಿಲಿಟ್, ನಾರ್ಮನ್ ಆಡಮ್ಸ್ ಮತ್ತು ರಾಯ್ ವಾಂಟ್ 1994ರಲ್ಲಿ ಸಾಂಟಾ ಕ್ರೂಜ್‌ನ ಕಮ್ಮಟದಲ್ಲಿ ಮಂಡಿಸಿದರು. ಸಂದರ್ಭವನ್ನರಿಯುವ ಗಣಕವೆಂದು ಇಂದು ಕರೆಯುವುದರ ಮೂಲ ಇದು.

ಪ್ಯಾಡಿನ ಕಲ್ಪನೆ ಇನ್ನೂ ಸ್ವಾರಸ್ಯವಾದದ್ದು. ಅದು ಯಾರ ಸ್ವಂತದ್ದೂ ಅಲ್ಲ. ಗೀಚಿ ಬಿಸಾಡುವ ಚೀಟಿಯಂತೆ ಕೋಣೆಯಲ್ಲಿ ಬಿದ್ದಿರಬೇಕು. ಬೇಕಾದವರು ಎತ್ತಿಕೊಂಡು ಬಳಸಿ ಅಲ್ಲಿಯೇ ಇಟ್ಟು ಹೋಗಬೇಕು. ಮನೆಯ ಮಕ್ಕಳು 'ಇದು ನನ್ನದು, ಅದು ನಿನ್ನದು' ಎಂದು ಕಾದಾಡುವ ಇಂದಿನ ಫಲಕಗಳಿಗೂ ಅಂದಿನ ಕಲ್ಪನೆಗೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ.

ಮರೆಯಾಗುವುದೆಂದರೇನು?

ಸರ್ವವ್ಯಾಪಿಯೆಂದೊಡನೆ ನಮಗೆ ನೆನಪಾಗುವವನು ಪ್ರಹ್ಲಾದ. ಹರಿ ಎಲ್ಲೆಡೆ ಇದ್ದಾನೆಂದಷ್ಟೇ ಅವನು ಹೇಳಲಿಲ್ಲ. ಕಣ್ಣಿಗೆ ಕಾಣದೆ ಕಂಬದೊಳಗೂ ಇದ್ದಾನೆಂದನು. ನಮ್ಮ ಪರಂಪರೆಯಲ್ಲಿ ಸರ್ವವ್ಯಾಪಿಯಾದವನು ಅಂತರ್ಯಾಮಿಯೂ ಹೌದು. ವೈಸರ್ ಅವರ ಗಣಕಕ್ಕೂ ಎರಡು ಲಕ್ಷಣಗಳಿವೆ: ಎಲ್ಲೆಡೆ ಇರಬೇಕು, ಕಾಣದಂತಿರಬೇಕು. ಎರಡನೆಯದಿಲ್ಲದೆ ಮೊದಲನೆಯದು ಬರಿಯ ಸಂತೆ.

ಕಾಣದಂತಿರುವುದೆಂದರೆ ಗಾತ್ರದಲ್ಲಿ ಸಣ್ಣದಾಗುವುದಲ್ಲ, ಗೋಡೆಯೊಳಗೆ ಹುದುಗುವುದೂ ಅಲ್ಲ. ವೈಸರ್ ಇದಕ್ಕೆ ಲಿಪಿಯ ನಿದರ್ಶನ ಕೊಟ್ಟರು. ಮಾತನ್ನು ಹಿಡಿದಿಡುವ ಬರವಣಿಗೆ ಮನುಷ್ಯನ ಬಹು ಪ್ರಾಚೀನ ಮಾಹಿತಿ ತಂತ್ರ. ಓದು ಬಲ್ಲವನು ರಸ್ತೆಯ ಫಲಕವನ್ನು ಕಂಡಾಗ ಅಕ್ಷರಗಳನ್ನು ನೋಡುವುದಿಲ್ಲ, ಅರ್ಥವನ್ನೇ ನೋಡುತ್ತಾನೆ. ಅಕ್ಷರ ಅಲ್ಲಿಯೇ ಇದ್ದರೂ ಅವನ ಪಾಲಿಗೆ ಮರೆಯಾಗಿದೆ.

ಈ ಮಾತಿನ ಸತ್ಯ ನಮ್ಮಂಥ ವಲಸೆಗಾರರಿಗೆ ತಿಳಿದಷ್ಟು ಚೆನ್ನಾಗಿ ಬೇರೆಯವರಿಗೆ ತಿಳಿಯಲಾರದು. ಫ್ರೀಮಾಂಟಿನಲ್ಲಿಯೋ ಸನಿವೇಲಿನಲ್ಲಿಯೋ ಹುಟ್ಟಿ ಬೆಳೆದ ನಮ್ಮ ಮಗು ಹೆದ್ದಾರಿಯ ಇಂಗ್ಲಿಷ್ ಫಲಕವನ್ನು ಓಡುವ ಕಾರಿನಿಂದ ಓದಿಬಿಡುತ್ತದೆ. ಅದೇ ಮಗು ವಾರಾಂತ್ಯದ ಕನ್ನಡ ತರಗತಿಯಲ್ಲಿ 'ವಸ್ತ್ರ' ಎಂಬ ಪದದ ಮುಂದೆ ನಿಲ್ಲುತ್ತದೆ. ಸಕಾರದ ಕೆಳಗೆ ತಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು! ಅಷ್ಟನ್ನೂ ಬಿಡಿಸಿ ಕೂಡಿಸುವಷ್ಟರಲ್ಲಿ ಪದದ ಅರ್ಥ ಕೈ ತಪ್ಪಿರುತ್ತದೆ. ಒಂದೇ ಮಗುವಿಗೆ ಒಂದು ಲಿಪಿ ಮರೆಯಾಗಿದೆ. ಇನ್ನೊಂದು ಎದುರು ನಿಂತ ಯಂತ್ರದಂತೆ ಕಾಣುತ್ತಿದೆ. ಆದ್ದರಿಂದ ಮರೆಯಾಗುವುದು ವಸ್ತುವಿನ ಗುಣವಲ್ಲ. ವಸ್ತುವಿಗೂ ಬಳಸುವವರಿಗೂ ನಡುವೆ ಬೆಳೆದ ಬಳಕೆಯ ಫಲ. ಯಾವ ಯಂತ್ರವನ್ನು ಕುರಿತಾದರೂ ನಾವು ಕೇಳಬೇಕಾದ ಪ್ರಶ್ನೆ: ಇದು ಯಾರ ಪಾಲಿಗೆ ಮರೆಯಾಗಿದೆ, ಯಾರ ಪಾಲಿಗೆ ಅಡ್ಡ ನಿಂತಿದೆ?

ಕುಕ್ಕರಿನ ಕೂಗು, ತೂಗುವ ದಾರ

ಬಳಕೆಯಿಂದ ಮರೆಯಾದ ವಸ್ತು ಅಗತ್ಯ ಬಿದ್ದಾಗ ನಮ್ಮನ್ನು ಎಚ್ಚರಿಸಬೇಡವೇ? ಇದಕ್ಕೆ ಉತ್ತರವಾಗಿ 1995ರಲ್ಲಿ ವೈಸರ್ ಮತ್ತು ಆ ಕೇಂದ್ರದ ನಿರ್ದೇಶಕರಾಗಿದ್ದ ಜಾನ್ ಸೀಲಿ ಬ್ರೌನ್ 'ಶಾಂತ ತಂತ್ರಜ್ಞಾನ'ವೆಂಬ ಕಲ್ಪನೆಯನ್ನು ಮುಂದಿಟ್ಟರು. ನಮ್ಮ ಗಮನಕ್ಕೆ ಒಂದು ಕೇಂದ್ರವಿದೆ, ಸುತ್ತಲೂ ಒಂದು ಅಂಚಿದೆ. ಒಳ್ಳೆಯ ಉಪಕರಣ ಸಾಮಾನ್ಯವಾಗಿ ಅಂಚಿನಲ್ಲಿದ್ದು, ಬೇಕಾದಾಗ ಕೇಂದ್ರಕ್ಕೆ ಬಂದು, ಕೆಲಸ ಮುಗಿದೊಡನೆ ಮರಳಿ ಅಂಚಿಗೆ ಸರಿಯುತ್ತದೆ.

ಇದಕ್ಕೆ ನಮ್ಮ ಅಡಿಗೆಮನೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅತಿಥಿಗಳೊಡನೆ ಮಾತಿನಲ್ಲಿ ಮುಳುಗಿರುವ ಗೃಹಿಣಿ ಕುಕ್ಕರಿನ ಕಡೆ ನೋಡುವುದೂ ಇಲ್ಲ, ಅದನ್ನು ನೆನೆಯುವುದೂ ಇಲ್ಲ. ಆದರೂ ಮೂರನೆಯ ಕೂಗಿಗೆ ಎದ್ದು ಒಲೆ ಆರಿಸುತ್ತಾಳೆ. ಎಣಿಕೆ ಅವಳ ಕಿವಿಯ ಅಂಚಿನಲ್ಲಿ ನಡೆದಿತ್ತು. ಜೆರಾಕ್ಸ್ ಕೇಂದ್ರದಲ್ಲಿ ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಇಂತಹುದನ್ನೇ ಗಣಕಜಾಲಕ್ಕಾಗಿ ಮಾಡಿದರು. ಮೇಲ್ಛಾವಣಿಯ ಪುಟ್ಟ ಮೋಟಾರಿನಿಂದ ಎಂಟು ಅಡಿ ಉದ್ದದ ಪ್ಲಾಸ್ಟಿಕ್ ದಾರವನ್ನು ಇಳಿಬಿಟ್ಟು, ಮೋಟಾರನ್ನು ಈಥರ್‌ನೆಟ್ ತಂತಿಗೆ ಜೋಡಿಸಿದರು. ಜಾಲದಲ್ಲಿ ಮಾಹಿತಿ ಹರಿದಂತೆಲ್ಲ ದಾರ ಮಿಡುಕುತ್ತಿತ್ತು. ಸಂಚಾರ ದಟ್ಟವಾದಾಗ ಸದ್ದು ಮಾಡುತ್ತ ಗಿರಗಿರನೆ ತಿರುಗುತ್ತಿತ್ತು. ಪರದೆಯಿಲ್ಲ, ಅಂಕಿಯಿಲ್ಲ, ಗಂಟೆಯಿಲ್ಲ. ಹಾದು ಹೋಗುವವರಿಗೆ ಜಾಲದ ಸ್ಥಿತಿ ಹೊರಗೆ ಸುರಿಯುವ ಮಳೆಯಂತೆ ತಾನಾಗಿ ತಿಳಿಯುತ್ತಿತ್ತು.

ಎಲ್ಲೆಡೆ ಬಂತು, ಶಾಂತವಾಗಲಿಲ್ಲ

ವೈಸರ್ 1999ರ ಏಪ್ರಿಲ್ 27ರಂದು, ತಮ್ಮ 46ನೆಯ ವಯಸ್ಸಿನಲ್ಲಿ, ಅರ್ಬುದ ರೋಗದಿಂದ ತೀರಿಕೊಂಡರು. ಅವರ ಟ್ಯಾಬು, ಪ್ಯಾಡುಗಳು ಅಂಗಡಿಗೆ ಬರಲಿಲ್ಲ. ಆದರೆ ಅವುಗಳ ವಂಶ ಬೆಳೆಯಿತು. 1996ರಲ್ಲಿ ಪಾಮ್ ಪೈಲಟ್, 2007ರಲ್ಲಿ ಐಫೋನ್, 2010ರಲ್ಲಿ ಐಪ್ಯಾಡ್ ಬಂದವು. ಅಂಗುಲ ಮತ್ತು ಅಡಿಗಳ ಕನಸು ಇದೇ ಕಣಿವೆಯಲ್ಲಿ ನನಸಾಯಿತು. ಬರ್ಕ್ಲಿಯಲ್ಲಿ ಕ್ರಿಸ್ ಪಿಸ್ಟರ್ ಮತ್ತು ಸಂಗಡಿಗರು 'ಜಾಣ ಧೂಳು' ಎಂಬ ಹೆಸರಿನಲ್ಲಿ ಕಣಗಾತ್ರದ ಸಂವೇದಕಗಳ ಸಂಶೋಧನೆ ನಡೆಸಿದರು. ಮೂಲ ಸಂಶೋಧನಾಲಯವನ್ನು ಜೆರಾಕ್ಸ್ 2023ರಲ್ಲಿ ಎಸ್‌ಆರ್‌ಐ ಸಂಸ್ಥೆಗೆ ದಾನವಾಗಿ ಕೊಟ್ಟಿತು. ಮೌಸ್ ಹುಟ್ಟಿದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಇಂದಿನ ಹೆಸರೇ ಎಸ್‌ಆರ್‌ಐ.

ಆದರೆ ಗಣಕ ಎಲ್ಲೆಡೆ ಬಂದರೂ ಶಾಂತವಾಗಲಿಲ್ಲವೆಂಬುದನ್ನು ಒಪ್ಪಲೇಬೇಕು. ಊಟದ ಮೇಜಿನ ಸುತ್ತ ನಾಲ್ವರು ಕುಳಿತಿದ್ದರೆ ನಾಲ್ಕು ಫೋನುಗಳೂ ಸರದಿಯಲ್ಲಿ ಕರೆಯುತ್ತವೆ. ಕುಕ್ಕರು ಅನ್ನವಾದಾಗ ಕೂಗುತ್ತದೆ. ಫೋನು ತನಗೆ ಬೇಕಾದಾಗ ಕೂಗುತ್ತದೆ. ಇದಕ್ಕೆ ಕಾರಣ ಯಂತ್ರದ ಅಸಾಮರ್ಥ್ಯವಲ್ಲ. ನಮ್ಮ ಗಮನವೇ ಮಾರಾಟದ ಸರಕಾದಾಗ, ಅಂಚಿಗೆ ಸರಿಯುವ ಉಪಕರಣದಿಂದ ಮಾರುವವರಿಗೆ ಲಾಭವಿಲ್ಲ.

ನಿಜವಾಗಿ ಮರೆಯಾದ ಗಣಕ ಬೇಕೆಂದರೆ ಸೇತುವೆಗಳತ್ತ ನೋಡಬೇಕು. ಸುಂಕದ ಕಟ್ಟೆಯಲ್ಲಿ ನಿಂತು ಚಿಲ್ಲರೆ ಎಣಿಸುವ ಕೆಲಸವನ್ನು ಕಾರಿನ ಗಾಜಿಗೆ ಅಂಟಿಸಿದ 'ಫಾಸ್ಟ್ರಾಕ್' ಬಿಲ್ಲೆ ತಪ್ಪಿಸಿತು. ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರ ಮಾರ್ಚಿನಿಂದ ಹಣ ಪಡೆಯುವ ಸಿಬ್ಬಂದಿಯೇ ಇಲ್ಲ. ನಾವು ಮಾತನಾಡುತ್ತಲೇ ಸೇತುವೆ ದಾಟುತ್ತೇವೆ. ಗಣಕ ತನ್ನ ಕೆಲಸ ಮುಗಿಸಿರುತ್ತದೆ. ಇದು ವೈಸರ್ ಮೆಚ್ಚುವಂಥ ಶಾಂತತೆ. ಆದರೆ ಯಾವ ಕಾರು ಯಾವ ದಿನ ಎಷ್ಟು ಗಂಟೆಗೆ ದಾಟಿತೆಂಬ ದಾಖಲೆಯೂ ಅಷ್ಟೇ ಸದ್ದಿಲ್ಲದೆ ಹುಟ್ಟಿರುತ್ತದೆ. ಮರೆಯಾದ ಯಂತ್ರದ ಗುಣವೂ ಅಪಾಯವೂ ಒಂದೇ ನಾಣ್ಯದ ಎರಡು ಮುಖಗಳು. ವೈಸರ್ ಇದನ್ನು ಮೊದಲೇ ಕಂಡಿದ್ದರು. ಕೋಣೆಗೆ ನೂರಾರು ಗಣಕಗಳಿದ್ದು ಅವೆಲ್ಲ ಮನುಷ್ಯರ ಇರವನ್ನು ಗುರುತಿಸಬಲ್ಲವಾದರೆ, ಇದುವರೆಗಿನ ಸರ್ವಾಧಿಕಾರಗಳು ಅದರ ಮುಂದೆ ಏನೂ ಅಲ್ಲವೆನಿಸಬಹುದೆಂಬ ಅರ್ಥದ ಎಚ್ಚರಿಕೆಯನ್ನು ಅವರು 1991ರ ಲೇಖನದಲ್ಲಿಯೇ ಕೊಟ್ಟಿದ್ದರು.

ಕನ್ನಡದ ಪಾಲು

'ಯಾರ ಪಾಲಿಗೆ ಮರೆಯಾಗಿದೆ?' ಎಂಬ ಪ್ರಶ್ನೆಗೆ ಭಾಷೆಯೊಂದು ಮುಖ್ಯ ಉತ್ತರ. ವೈಸರ್ ತಮ್ಮ ವಿಚಾರಕ್ಕೆ ಹೆಸರಿಟ್ಟ 1988ರಲ್ಲಿಯೇ ಅದೇ ಜೆರಾಕ್ಸ್ ಸಂಸ್ಥೆಯ ಜೋ ಬೆಕರ್ ಎಂಬವರು, ಲೋಕದ ಎಲ್ಲ ಲಿಪಿಗಳಿಗೂ ಒಂದೇ ಸಂಕೇತಮಾಲೆ ಇರಬೇಕೆಂಬ 'ಯೂನಿಕೋಡ್' ಪ್ರಸ್ತಾಪವನ್ನು ಬರೆದರು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ನಾವು ಇಂದು ಊರಿನವರಿಗೆ ಕನ್ನಡದಲ್ಲಿ ಸಂದೇಶ ಕಳಿಸಿದಾಗ ಅಕ್ಷರಗಳು ಕಲಸಿಹೋಗದೆ ತಲುಪುವುದು ಆ ವ್ಯವಸ್ಥೆಯಿಂದ. ನಮಗದು ಕಾಣುವುದೂ ಇಲ್ಲ. ಮರೆಯಾಗುವಿಕೆಯ ಒಳ್ಳೆಯ ಮಾದರಿ ಅದು.

ಲಿಪಿಯನ್ನು ಓದಲಾರದವರ ಗತಿಯೇನು? ಈ ಪ್ರಶ್ನೆಯನ್ನು ನಮ್ಮ ಬೆಂಗಳೂರಿನಲ್ಲಿ ಕೆಲವರು ಕೈಗೆತ್ತಿಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎಂಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ 'ಸಿಂಪ್ಯೂಟರ್' ಎಂಬ ಅಂಗೈ ಗಣಕವನ್ನು ರೂಪಿಸಿ 2001ರಲ್ಲಿ ಪ್ರದರ್ಶಿಸಿದರು. ಸುಮಾರು 9,000 ರೂಪಾಯಿಗೆ ಸಿಗಬೇಕೆಂಬುದು ಅವರ ಗುರಿ. ಓದು ಬಾರದ ರೈತನಿಗೂ ಬಳಸಲು ಬರುವಂತೆ ಅದು ಕನ್ನಡದಂಥ ಭಾಷೆಗಳಲ್ಲಿ ಬರಹವನ್ನು ಓದಿ ಹೇಳುತ್ತಿತ್ತು. ಒಂದು ಗಣಕವನ್ನು ಹಳ್ಳಿಯ ಅನೇಕರು ಹಂಚಿಕೊಳ್ಳಬಹುದಿತ್ತು; ಪ್ರತಿಯೊಬ್ಬರ ಮಾಹಿತಿ ಅವರವರ ಬಳಿಯ ಸ್ಮಾರ್ಟ್ ಕಾರ್ಡಿನಲ್ಲಿ ಇರುತ್ತಿತ್ತು. ಯಾರ ಸ್ವಂತದ್ದೂ ಅಲ್ಲದ ವೈಸರ್ ಅವರ ಪ್ಯಾಡಿಗೆ ಇದು ಎಷ್ಟು ಹತ್ತಿರ ನೋಡಿ! ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ಗೆಲ್ಲಲಿಲ್ಲ. ಅಗ್ಗದ ಮೊಬೈಲುಗಳು ಅದರ ಜಾಗವನ್ನು ಆಕ್ರಮಿಸಿದವು. ಆದರೆ ಬಳಸುವವನ ಮಾತಿಗೆ ಯಂತ್ರ ಬಗ್ಗಬೇಕು, ಯಂತ್ರದ ಮಾತಿಗೆ ಅವನಲ್ಲ ಎಂಬ ಅದರ ತತ್ತ್ವ ಸೋಲಲಿಲ್ಲ. 2017ರಲ್ಲಿ ಗೂಗಲ್ ತನ್ನ ಧ್ವನಿ ಬರಹ ವ್ಯವಸ್ಥೆಗೆ ಕನ್ನಡವನ್ನೂ ಸೇರಿಸಿದ ಮೇಲೆ, ಕೀಲಿಮಣೆಗೆ ಹೆದರುತ್ತಿದ್ದ ಹಿರಿಯರೂ ಬಾಯಿಮಾತಿನಲ್ಲಿ ಕನ್ನಡ ಬರೆಸುವುದು ಸಾಧ್ಯವಾಯಿತು.

ನಮ್ಮ ಮನೆಗಳಿಗೆ ಒಂದು ಅಳತೆಗೋಲು

ಇಷ್ಟೆಲ್ಲ ವಿಚಾರದಿಂದ ನಮಗೆ ಸಿಗುವ ಪ್ರಯೋಜನವೇನು? ಹೊಸ ಉಪಕರಣವೊಂದು ಮನೆಯ ಹೊಸ್ತಿಲು ದಾಟುವ ಮುನ್ನ ಅದರ ವೇಗ, ಸ್ಮರಣಶಕ್ತಿ, ಬೆಲೆಗಳನ್ನು ನಾವು ವಿಚಾರಿಸುತ್ತೇವೆ. ಅವುಗಳ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ.

ಮೊದಲನೆಯದು, ಇದು ಕುಕ್ಕರಿನಂತೆ ಅಂಚಿನಲ್ಲಿರಬಲ್ಲದೇ? ಇಲ್ಲವಾದರೆ ಅದರ ಕರೆಗಳನ್ನು ಒಂದೊಂದಾಗಿ ನಿಲ್ಲಿಸಿ ಅಂಚಿಗೆ ತಳ್ಳುವ ಅಧಿಕಾರ ನಮ್ಮ ಕೈಯಲ್ಲಿದೆ, ಅದನ್ನು ಬಳಸಬೇಕು. ಎರಡನೆಯದು, ಮನೆಯಲ್ಲಿರುವ ಎಲ್ಲರಿಗೂ ಇದು ಮರೆಯಾಗಬಲ್ಲದೇ? ಆರು ತಿಂಗಳಿಗೆಂದು ಬರುವ ಅಜ್ಜಿ ತಾತಂದಿರಿಗೆ ಕೋಣೆ ಬೆಚ್ಚಗೆ ಮಾಡಲು ಮೊಮ್ಮಗನ ಶಾಲೆ ಬಿಡುವ ತನಕ ಕಾಯಬೇಕಾದರೆ, ಆ ಯಂತ್ರ ಎಷ್ಟೇ ಜಾಣವಾಗಿದ್ದರೂ ಆ ಮನೆಗೆ ಒಗ್ಗಿದ್ದಲ್ಲ. ತಿರುಗಿಸುವ ಹಳೆಯ ಗುಂಡಿಯೇ ಅಲ್ಲಿ ಲೇಸು. ಮೂರನೆಯದು, ನಮ್ಮ ಬಗೆಗೆ ಇದಕ್ಕೆ ಏನು ತಿಳಿಯುತ್ತದೆ, ತಿಳಿದದ್ದು ಎಲ್ಲಿಗೆ ಹೋಗುತ್ತದೆ? ಹೆಸರು ಹಿಡಿದು ಕರೆದೊಡನೆ ಓಗೊಡುವ ಧ್ವನಿಯಂತ್ರ ಆ ಕರೆಗಾಗಿ ಸದಾ ಕಿವಿ ತೆರೆದಿರಲೇಬೇಕು. ಅದನ್ನು ಮಲಗುವ ಕೋಣೆಯಲ್ಲಿಡಬೇಕೇ ಎಂಬುದು ಮನೆಮಂದಿ ಕೂಡಿ ನಿರ್ಧರಿಸಬೇಕಾದ ವಿಷಯ. 2020ರ ಜನವರಿಯಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯದ ಗ್ರಾಹಕ ಗೋಪ್ಯತಾ ಶಾಸನದಡಿ, ದೊಡ್ಡ ಉದ್ಯಮಗಳು ನಮ್ಮಿಂದ ಸಂಗ್ರಹಿಸಿದ ಮಾಹಿತಿ ಏನೆಂದು ಕೇಳುವ, ಅಳಿಸಲು ಕೋರುವ ಹಕ್ಕು ಈ ರಾಜ್ಯದ ನಿವಾಸಿಗಳಾದ ನಮಗಿದೆ. ಇರುವ ಹಕ್ಕನ್ನು ಬಳಸದಿದ್ದರೆ ಅದು ಕಪಾಟಿನಲ್ಲಿಟ್ಟ ರೇಷ್ಮೆ ಸೀರೆಯಂತೆ. ಇದೆಯೆಂಬ ಸಮಾಧಾನ ಮಾತ್ರ.

ನಮ್ಮಲ್ಲಿ ಹಲವರು ಈ ಯಂತ್ರಗಳನ್ನು ಕೊಳ್ಳುವವರಷ್ಟೇ ಅಲ್ಲ, ಹಗಲೆಲ್ಲ ಅವುಗಳನ್ನು ರೂಪಿಸುವವರೂ ಹೌದು. ಸಂಜೆ ಮನೆಯಲ್ಲಿ ಕೇಳುವ ಈ ಮೂರು ಪ್ರಶ್ನೆಗಳನ್ನು ಬೆಳಗ್ಗೆ ಕಛೇರಿಯಲ್ಲಿಯೂ ಕೇಳಿದರೆ, ಕಯೋಟಿ ಹಿಲ್ ರಸ್ತೆಯಲ್ಲಿ ಅರ್ಧಕ್ಕೆ ನಿಂತ ಕೆಲಸ ಸ್ವಲ್ಪವಾದರೂ ಮುಂದುವರಿದೀತು. ಕೂಟದ ಬಂಧುಗಳು ಈ ವಿಷಯವನ್ನು ಮಕ್ಕಳನ್ನೂ ಹಿರಿಯರನ್ನೂ ಸೇರಿಸಿಕೊಂಡು ಚರ್ಚಿಸುವಂತಾದರೆ, ಆ ಚರ್ಚೆ ಕನ್ನಡದಲ್ಲಿಯೇ ನಡೆಯುವಂತಾದರೆ, ನಮ್ಮ ಈ ಪ್ರಯತ್ನ ಸಾರ್ಥಕವೆಂದು ಭಾವಿಸುತ್ತೇವೆ.